ಎಂಜಿನ್ನಿನ ಹಣೆ

ನನ್ನ ಹೆಂಡತಿ ವಿಭೂತಿಯನ್ನು ಯಾವತ್ತೂ ಒಣದಾಗಿಯೇ ಹಚ್ಚಿಕೊಳ್ಳಲಿಲ್ಲ. ಗಟ್ಟಿಯನ್ನು ಅಂಗೈಯಲ್ಲಿ ತಿಕ್ಕಿ, ಎರಡು ಹನಿ ನೀರು ಬಿಟ್ಟು, ಮೂರು ಬೆರಳಿಗೆ ಮೆತ್ತಿಕೊಂಡು ಆಮೇಲೆ ಹಣೆಗೆ ಎಳೆಯುತ್ತಿದ್ದಳು. ಒಣ ವಿಭೂತಿ ಗಾಳಿಗೆ ಉದುರಿ ಹೋಗುತ್ತದೆ, ಒದ್ದೆಯದು ಸಂಜೆಯವರೆಗೂ ನಿಲ್ಲುತ್ತದೆ ಅನ್ನುವುದು ಅವಳ ತವರಿನ ಪದ್ಧತಿ. ಅವಳು ಹೋಗಿ ಒಂದು ಮಳೆಗಾಲ ಕಳೆಯಿತು. ಮಾತಾಡಿಸಲು ಬಂದವರೆಲ್ಲ ಅವಳ ಒಳ್ಳೆಯ ಗುಣಗಳನ್ನು ಹೇಳಿ ಹೋದರು. ಹೇಳಿದ್ದೆಲ್ಲ ನಿಜವೇ. ಆದರೆ ಒಬ್ಬನೇ ಕೂತಾಗ ನನಗೆ ನೆನಪಾಗುವುದು ಬೇರೆ. ಒಂದು ಬಿಳಿ ಕಾರು, ಅದು ಏರು ಹತ್ತದೆ ಹೋದದ್ದು, ಶೆಡ್ಡಿನ ಮಬ್ಬಿನಲ್ಲಿ ಅವಳು ಬಾನೆಟ್ ಪಕ್ಕ ಬಗ್ಗಿ ನಿಂತದ್ದು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕಡೂರಿನಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿಯ ಕಾರಿಗೆ ಡ್ರೈವರಾಗಿದ್ದೆ. ನಮ್ಮದು ಹಿರೇನಲ್ಲೂರು ಕಡೆಯ ಹಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ, ಲಾರಿಯಲ್ಲಿ ಕ್ಲೀನರಾಗಿ ತಿರುಗಿ, ಲೈಸೆನ್ಸ್ ಮಾಡಿಸಿಕೊಂಡಿದ್ದೆ. ಯಜಮಾನರ ಮಂಡಿಯ ಹಿಂದೆ ಜಿಂಕ್ ಶೀಟಿನ ಕಾರ್ ಶೆಡ್ಡು, ಅದಕ್ಕೆ ಅಂಟಿಕೊಂಡು ಒಂದು ಕೋಣೆ. ಕಾರು ಇರುವಷ್ಟು ದಿನ, ನಾನು ಅದರ ಡ್ರೈವರಾಗಿರುವಷ್ಟು ದಿನ, ಆ ಕೋಣೆ ನಮ್ಮದು. ಹಳ್ಳಿಯ ಮನೆಯಲ್ಲಿ ಅಣ್ಣಂದಿರು, ಅತ್ತಿಗೆಯರು, ಅವರ ಮಕ್ಕಳು. ಗಂಡ ಹೆಂಡತಿ ನಾಲ್ಕು ಮಾತಾಡಬೇಕೆಂದರೆ ಕಣದ ಕಡೆ ಹೋಗಬೇಕಾಗಿತ್ತು. ಹಾಗಾಗಿ ಕಡೂರಿಗೆ ಕರೆತಂದ ದಿನ ಅವಳು ಕೋಣೆಯ ನಡುವೆ ನಿಂತು ಸುತ್ತ ನೋಡಿ ಕೇಳಿದಳು:

"ಈ ಗೋಡೆಗೆ ಮೊಳೆ ಹೊಡೀಬೋದೇನ್ರೀ?"

"ಹೊಡಿ."

"ಯಾರ್ನೂ ಕೇಳ್ಬೇಕಾಗಿಲ್ವಾ?"

"ನನ್ನ ಕೇಳಿದ್ಯಲ್ಲ, ಸಾಕು."

ಒಂದು ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಿದಳು. ದಿನವೂ ಅಡುಗೆ ಮಾಡುತ್ತ ಅದನ್ನೊಮ್ಮೆ ನೋಡುತ್ತಿದ್ದಳು, ತಿಥಿಗಾಗಿ ಅಲ್ಲ.

ಅವಳಿಗೆ ಕಾರು ಹೊಸದು. ದೇವನೂರಿನ ಕಡೆಯವಳು, ಬಸ್ಸು ಹತ್ತಿದ್ದೇ ಎಣಿಸಿದಷ್ಟು ಸಲ. ನಾನು ಬಾನೆಟ್ ಎತ್ತಿದಾಗಲೆಲ್ಲ ಬಂದು ನಿಲ್ಲುತ್ತಿದ್ದಳು. ಇದೇನು, ಅದೇನು ಎಂದು ಕೇಳುವಳು. ರೇಡಿಯೇಟರ್ ಅಂದರೆ ನೀರಿನ ಹಂಡೆ, ಕಾರ್ಬೊರೇಟರ್ ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಜಾಗ, ಹೀಗೆ ನನಗೆ ತಿಳಿದ ಹಾಗೆ ಹೇಳುತ್ತಿದ್ದೆ. ಒಂದು ದಿನ ಡಿಸ್ಟ್ರಿಬ್ಯೂಟರಿನ ಕ್ಯಾಪಿಗೆ ಬೆರಳು ತೋರಿಸಿದಳು. ಅಂಗೈಯಷ್ಟಗಲದ ಕರಿಯ ಮುಚ್ಚಳ ಅದು. ಸುತ್ತ ನಾಲ್ಕು ಕೊಂಬು, ನಡುವೆ ಒಂದು. ಐದಕ್ಕೂ ದಪ್ಪ ವೈರು ಸಿಕ್ಕಿಸಿರುತ್ತದೆ.

"ಇದೇನ್ರೀ, ಕೊಂಬು ಬಂದಂಗೈತೆ?"

"ಅದು ಎಂಜಿನ್ನಿನ ತಲೆ ಕಣೇ. ನಡುವಿನ ಕೊಂಬಿಗೆ ಕರೆಂಟು ಬರುತ್ತೆ. ಯಾವ ಸಿಲಿಂಡರಿಗೆ ಯಾವಾಗ ಕಿಡಿ ಹೋಗ್ಬೇಕು ಅನ್ನೋದನ್ನ ಇದು ನೋಡ್ಕೊಂಡು ಹಂಚುತ್ತೆ."

"ತಲೆ ಅಂದ್ಮೇಲೆ ಹಣೆ ಇರ್ಬೇಕಲ್ಲ."

"ಕಾರಿಗೆಲ್ಲಿ ಹಣೆ," ಎಂದು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಬಗ್ಗಿ, ಕೊಂಬುಗಳ ನಡುವೆ ಎಷ್ಟು ಜಾಗವಿದೆ ಎಂದು ನೋಡಿದಳು.

ಆ ವರ್ಷದ ಆಯುಧ ಪೂಜೆಗೆ ಕಾರು ತೊಳೆದು ಒರೆಸಿ ಹೂವಿನ ಹಾರ ಕಟ್ಟಿದೆವು. ಯಜಮಾನರು ಬಂದು ಕುಂಬಳಕಾಯಿ ಒಡೆಸಿ ಹೋದರು. ಅವರು ಹೋದ ಮೇಲೆ ಅವಳು ಬಾನೆಟ್ ಎತ್ತಿಸಿ, ಆ ಕ್ಯಾಪಿನ ಮೇಲೆ ಕೊಂಬುಗಳ ನಡುವೆ ಬೆರಳು ತೂರಿಸಿ, ಒದ್ದೆ ವಿಭೂತಿಯ ಮೂರು ಗೆರೆ ಎಳೆದಳು. ಕರಿಯದರ ಮೇಲೆ ಬಿಳಿ ಗೆರೆ, ನೋಡಲು ಚೆನ್ನಾಗಿಯೇ ಇತ್ತು. ನಮಗೆ ಅನ್ನ ಹಾಕುವ ಕಾರು, ಅದರ ತಲೆಗೆ ಹಚ್ಚಿದರೆ ತಪ್ಪೇನು ಎಂದು ನಾನೂ ಕೈಮುಗಿದೆ.

ಕೆಲವು ದಿನ ಕಳೆದು ಯಜಮಾನರ ಬೀಗರನ್ನು ಕೆಮ್ಮಣ್ಣುಗುಂಡಿಗೆ ಕರೆದೊಯ್ಯಬೇಕಾಗಿ ಬಂತು. ತರೀಕೆರೆಯವರೆಗೆ ಕಾರು ಸಲೀಸಾಗಿ ಓಡಿತು. ಲಿಂಗದಹಳ್ಳಿ ದಾಟಿ ಏರು ಶುರುವಾದ ಮೇಲೆ ಎಂಜಿನ್ನು ತಡೆತಡೆದು ಉಸಿರಾಡತೊಡಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ತಡವರಿಸುತ್ತದೆ. ಇದಕ್ಕೆ ನಮ್ಮ ಡ್ರೈವರುಗಳ ಭಾಷೆಯಲ್ಲಿ 'ಮಿಸ್ ಹೊಡೆಯುವುದು' ಅನ್ನುತ್ತೇವೆ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಉಳಿದವು ಅದನ್ನೂ ಹೊತ್ತು ಎಳೆಯಬೇಕು. ಮೊದಲನೇ ಗೇರಿಗೆ ಹಾಕಿದರೂ ಆಗಲಿಲ್ಲ. ಬೀಗರು ಇಳಿದು ನಡೆದರು, ಹೆಂಗಸರೂ ಇಳಿದರು. ಖಾಲಿ ಕಾರು ಅವರ ಪಕ್ಕದಲ್ಲಿ ಅವರ ನಡಿಗೆಯ ವೇಗಕ್ಕೇ ಹತ್ತಿತು. ಬೀಗರಲ್ಲಿ ಹಿರಿಯರೊಬ್ಬರು ಕಿಟಕಿಯ ಹತ್ತಿರ ಬಾಗಿ, "ಡ್ರೈವರ್ರೇ, ನಾವು ಕಾರಲ್ಲಿ ಬಂದ್ವಾ, ಕಾರೇ ನಮ್ಜೊತೆ ಬಂತಾ?" ಎಂದರು. ನಾನು ಮುಂದಿನ ರಸ್ತೆ ನೋಡುತ್ತ ಕೂತೆ.

ಈ ಮಾತು ಕಡೂರಿಗೆ ನನಗಿಂತ ಮುಂಚೆಯೇ ತಲುಪಿತ್ತು. ಯಜಮಾನರು ಸಿಟ್ಟಿನ ಮನುಷ್ಯರಲ್ಲ. ಕೊಬ್ಬರಿ ರಾಶಿಯ ಪಕ್ಕ ಕೂತು, ಒಂದು ಹೋಳನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದರು:

"ನೋಡಪ್ಪಾ, ನಂಗೆ ಕಾರಿನ ಶೋಕಿ ಇಲ್ಲ. ಬಸ್ಸೈತೆ, ರೈಲೈತೆ. ಕಾರ್ತಿಕ ಕಳೀಲಿ, ಅಷ್ಟ್ರಲ್ಲಿ ಸರಿಹೋದ್ರೆ ಇಟ್ಕತೀನಿ. ಇಲ್ದಿದ್ರೆ ಅರಸೀಕೆರೆಯೋರು ಕೇಳ್ತಾ ಅವ್ರೆ, ಕೊಟ್ಬಿಡ್ತೀನಿ. ನಿಂಗೆ ಲಾರಿ ಇದ್ದೇ ಐತಲ್ಲ."

ಲಾರಿ ಎಂದರೆ ನಾನು ರಸ್ತೆಯ ಮೇಲೆ, ಅವಳು ಹಳ್ಳಿಯ ಮನೆಯಲ್ಲಿ. ಅವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಮಾರನೆಯ ದಿನ ನೋಡುತ್ತೇನೆ, ಗೋಡೆಯಿಂದ ಮೊಳೆ ಕಿತ್ತಿದ್ದಾಳೆ. ತೂತನ್ನು ಸುಣ್ಣದಲ್ಲಿ ಮುಚ್ಚಿದರೆ ಗೊತ್ತಾಗುತ್ತದೋ ಇಲ್ಲವೋ ನೋಡಬೇಕಿತ್ತಂತೆ. ಸಂಜೆ ಮತ್ತೆ ಅದೇ ತೂತಿಗೆ ಮೊಳೆ ಹೊಡೆದಳು.

ಮೊದಲು ಕಡೂರಿನ ಸ್ಟೇಷನ್ ರೋಡಿನ ಮೆಕ್ಯಾನಿಕ್ ಸಾಬರ ಹತ್ತಿರ ಹೋದೆ. ಅವರು ಎಂಜಿನ್ನು ಚಾಲೂ ಮಾಡಿಸಿ, ಒಂದೊಂದೇ ಪ್ಲಗ್ಗಿನ ವೈರು ಎಳೆದು ಕಿವಿಗೊಟ್ಟರು. ಯಾವ ವೈರು ಎಳೆದರೂ ಎಂಜಿನ್ನು ಅಷ್ಟೇ ಕುಗ್ಗುತ್ತದೆ, ಎಂದರೆ ನಾಲ್ಕೂ ಕೆಲಸ ಮಾಡುತ್ತಿವೆ. "ನಿಂತಾಗ ಗಾಡಿ ಹಾಡ್ತಾ ಅದೆ ಕಣಪ್ಪಾ. ಏರಲ್ಲಿ ಮಾತ್ರ ಯಾಕೆ ಅಳ್ತದೆ?" ಎಂದರು. ಪ್ಲಗ್ ತಿಕ್ಕಿದರು. ಕ್ಯಾಪಿನ ಕೆಳಗೆ ಕಿಡಿಗೆ ಕರೆಂಟು ಕಡಿದು ಕೊಡುವ ಪಾಯಿಂಟಿನ ಸಂದನ್ನೂ ಸರಿಮಾಡಬೇಕಿತ್ತು. ಅದಕ್ಕೆ ಕ್ಯಾಪ್ ತೆಗೆಯಬೇಕು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಅದನ್ನ ನೀನೇ ತೆಗಿ. ನಂದು ಆಯಿಲ್ ಕೈ. ನಿಮ್ ದೇವ್ರ ಗುರುತು ಅಳಿಸ್ಬಾರ್ದು."

ನಾನೇ ತೆಗೆದೆ, ಒಳಗಡೆ ಅವರಿಗೆ ತೋರಿಸಿದೆ. ಒಳಗಡೆ ಶುದ್ಧವಾಗಿತ್ತು. ಅವರು ಪಾಯಿಂಟು ಸರಿಮಾಡಿದ ಮೇಲೆ ಮತ್ತೆ ಜೋಪಾನವಾಗಿ ಕೂರಿಸಿದೆ.

ಸರಿಹೋಗಲಿಲ್ಲ. ಅವಳು ಪ್ರತಿ ಸೋಮವಾರ ಹೊಸದಾಗಿ ಗೆರೆ ಎಳೆಯುತ್ತಿದ್ದಳು. ಕಾರ್ತಿಕ ಸೋಮವಾರ ಬೇರೆ, ಹಿಂದಿನದರ ಮೇಲೇ ಒಂದು ಪದರ ದಪ್ಪಗೆ ಹಚ್ಚುವಳು. ಸಂಜೆ ನಾನು ಶೆಡ್ಡಿಗೆ ಕಾರು ತಂದರೆ ಒಂದೇ ಮಾತು: "ಎಳೀತಾ?" ನಾನು ಇಲ್ಲವೆಂದು ತಲೆಯಾಡಿಸುವೆ. ಅವಳು ಚಪ್ಪಲಿ ಬಿಡುವ ಜಾಗಕ್ಕೆ ನೀರು ತಂದಿಡುವಳು.

ತರೀಕೆರೆಯಲ್ಲಿ ಕಾರ್ಬೊರೇಟರಿಗೆ ಹೆಸರಾದವರೊಬ್ಬರಿದ್ದರು. ಅವರು ಕ್ಯಾಪನ್ನು ಕಂಡೊಡನೆ ಎರಡು ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಿಚ್ಚಿದ ಮೇಲೆ ಮಡಿಸಿದ ಪೇಪರಿನ ಮೇಲೆ, ಯಾರ ಕಾಲೂ ತಾಗದ ಕಡೆ, ನೆರಳಲ್ಲಿಟ್ಟರು. ಆಮೇಲೆ ಮಿಕ್ಕಿದ್ದನ್ನೆಲ್ಲ ಬಿಚ್ಚಿದರು. ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದು ಟ್ಯಾಂಕು ಇಳಿಸಿ ತೊಳೆದರು. ಹನಿ ನೀರೂ ಸಿಗಲಿಲ್ಲ. "ಇನ್ಮೇಲೆ ನೋಡಿ, ಕುದುರೆ," ಎಂದು ಬೆನ್ನು ತಟ್ಟಿ ಕಳಿಸಿದರು. ಕುದುರೆ ಬೀರೂರಿನ ಹತ್ತಿರ ಒಂದು ಸಣ್ಣ ದಿಬ್ಬಕ್ಕೇ ಕೆಮ್ಮಿತು.

ಕೊನೆಗೆ ಅಜ್ಜಂಪುರ. ಅಲ್ಲಿ ಟ್ರ್ಯಾಕ್ಟರ್, ಪಂಪ್‌ಸೆಟ್ಟು ರಿಪೇರಿ ಮಾಡುವ ಹಿರಿಯರು. ನಮ್ಮವರೇ, ಕೊರಳಲ್ಲಿ ಲಿಂಗದ ಕರಡಿಗೆ, ಹಣೆ ತುಂಬ ವಿಭೂತಿ. ಸೈಲೆನ್ಸರಿನಲ್ಲಿ ಮಸಿ ಕಟ್ಟಿ ಹೊಗೆ ಹೋಗದೆ ಎಂಜಿನ್ನಿಗೆ ಉಸಿರು ಕಟ್ಟಿದೆ ಎಂದು ಅವರ ತೀರ್ಮಾನ. ಸೈಲೆನ್ಸರ್ ಬಿಚ್ಚಿ ಕುಟ್ಟಿ ಮಸಿ ಉದುರಿಸಿದರು. ಎಲ್ಲ ಜೋಡಿಸಿದ ಮೇಲೆ ಕ್ಯಾಪಿನ ಕಡೆ ನೋಡಿ, "ಅಯ್ಯೋ, ವಿಭೂತಿ ಬಿರುಕು ಬಿಟ್ಟೈತಲ್ಲಪ್ಪ," ಎಂದು ಒಳಗಿನಿಂದ ತಮ್ಮದೇ ವಿಭೂತಿ ತಂದು, ನೀರಲ್ಲಿ ನಾದಿ, ಮೇಲೊಂದು ಸಲ ಎಳೆದರು. "ಪಂಪ್‌ಸೆಟ್ಟಿಗೂ ನಾನು ಮೊದ್ಲು ಇದನ್ನೇ ಮಾಡೋದು," ಎಂದರು.

ವಾಪಸು ಬರುವಾಗ ಜಿಟಿಜಿಟಿ ಮಳೆ ಹಿಡಿಯಿತು. ಕಾರು ಸಮತಟ್ಟಿನಲ್ಲೂ ಎಳೆಯದಾಯಿತು. ಹಿಂದಿನಿಂದ ಸೈಕಲ್ಲಿನವನೊಬ್ಬ ಬೆಲ್ಲು ಬಾರಿಸಿದ. ನಾನು ಬದಿಗೆ ಕೊಟ್ಟೆ. ಅವನು ಮುಂದೆ ಹೋಗುತ್ತ, "ಅವಸರ ಇಲ್ಲ, ನಿಧಾನಕ್ ಬನ್ರೀ," ಎಂದ.

ಆ ವಾರವೆಲ್ಲ ಮೋಡ. ಕಾರ್ತಿಕ ಮುಗಿಯುತ್ತ ಬಂದಿತ್ತು. ಕಡೂರಿನ ಸಾಬರು ಒಂದು ಉಪಾಯ ಹೇಳಿದ್ದರು. ಕಾರು ನಿಂತಲ್ಲೇ ಅದಕ್ಕೆ ಏರು ತೋರಿಸಬೇಕು. ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಗೇರಿಗೆ ಹಾಕಿ, ಕ್ಲಚ್ಚನ್ನು ಕೊಂಚವೇ ಬಿಡಬೇಕು. ಆಗ ಎಂಜಿನ್ನು ಹೊರೆ ಹೊತ್ತಂತೆ ತಿಣುಕುತ್ತದೆ. ಪಕ್ಕದಲ್ಲಿ ಒಬ್ಬರು ನಿಂತು ಸದ್ದು ಎಲ್ಲಿಂದ ಬರುತ್ತದೆಂದು ಕೇಳಬೇಕು. ಕೇಳಲು ಯಾರಿದ್ದಾರೆ? ಅವಳನ್ನೇ ಕರೆದೆ. ಮುಂದೆ ನಿಲ್ಲಬೇಡ, ಮಡ್‌ಗಾರ್ಡಿನ ಪಕ್ಕ ನಿಲ್ಲು ಎಂದೆ. ಮಧ್ಯಾಹ್ನವೇ ಆದರೂ ಮೋಡಕ್ಕೆ ಶೆಡ್ಡಿನೊಳಗೆ ಮಬ್ಬು. ಮಳೆ ಬಡಿಯುತ್ತಿತ್ತೆಂದು ಬಾಗಿಲನ್ನೂ ಅರ್ಧ ಎಳೆದಿದ್ದೆ.

ಕ್ಲಚ್ಚು ಬಿಟ್ಟೆ. ಎಂಜಿನ್ನು ತಿಣುಕಿತು, ತಡವರಿಸಿತು.

"ಕೇಳಿಸ್ತಾ?"

ಅವಳು ಇನ್ನಷ್ಟು ಬಗ್ಗಿದಳು.

"ಲೇ, ಎಲ್ಲಿಂದ ಬರ್ತೈತೆ ಸದ್ದು?"

"ಸದ್ದಲ್ಲ ಕಣ್ರೀ," ಎಂದಳು. "ವಿಭೂತಿ ಮಿಣುಕ್ತಾ ಐತೆ."

ನಾನು ಕ್ಲಚ್ಚು ಒತ್ತಿ, ಗೇರು ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು ಓಡಿ ಬಂದೆ. ಏನೂ ಇಲ್ಲ. ಮೂರು ಬಿಳಿ ಗೆರೆ, ಅಷ್ಟೇ. ಎಂಜಿನ್ನು ಹಾಯಾಗಿ ಹಾಡುತ್ತಿತ್ತು.

"ನೀವು ಬಂದ್ರೆ ಹೋಗುತ್ತೆ. ಅಲ್ಲೇ ಹೋಗಿ ಕೂತ್ಕಳಿ."

ಮತ್ತೆ ಹೋಗಿ ಕೂತೆ, ಮತ್ತೆ ಕ್ಲಚ್ಚು ಬಿಟ್ಟೆ. ಬಾನೆಟ್ಟು ಎತ್ತಿರುವುದರಿಂದ ನನಗೆ ಅವಳ ಮುಖವೂ ಪೂರ್ತಿ ಕಾಣದು. ಸೀರೆಯ ಒಂದು ಬದಿ, ಮೊಣಕೈ, ಬಗ್ಗಿದ ತಲೆಯ ತುರುಬು ಕಾಣುತ್ತಿತ್ತು. ಅವಳು ನಿಧಾನವಾಗಿ, ಅಕ್ಕಿ ಆರಿಸುವಾಗ ಮಾತಾಡುವಂತೆ ಹೇಳತೊಡಗಿದಳು.

"ನೀಲಿ ಬಣ್ಣ. ನೂಲಿನೆಳೆ ಥರ. ನಡುವಿನ ಕೊಂಬಿಂದ ಹೊರಟು ನನ್ ಗೆರೆ ಮೇಲೇ ಹರ್ಕಂಡು ಈ ಕಡೆ ಕೊಂಬಿಗೆ ಹೋಗ್ತೈತೆ. ಈಗ ಆ ಕಡೆಗೆ. ಕಾರು ಕೆಮ್ಮಿದಾಗೆಲ್ಲ ಒಂದು ಎಳೆ."

ನನಗೆ ಆಗ ಅರ್ಥವಾಯಿತು. ಕರೆಂಟು ಹೋಗಬೇಕಾದ ದಾರಿ ಕಷ್ಟವಾದಾಗ ಸುಲಭದ ದಾರಿ ಹುಡುಕುತ್ತದೆ. ಎಂಜಿನ್ನು ಸುಮ್ಮನೆ ನಿಂತಾಗ ಪ್ಲಗ್ಗಿನ ಸಂದನ್ನು ಕಿಡಿ ಸುಲಭವಾಗಿ ದಾಟುತ್ತದೆ. ಏರಿನಲ್ಲಿ ಸಿಲಿಂಡರಿನೊಳಗೆ ಒತ್ತಡ ಹೆಚ್ಚು, ದಾಟುವುದು ಕಷ್ಟ. ಆಗ ಕ್ಯಾಪಿನ ಮೇಲೆ ತೇವ ಹೀರಿಕೊಂಡ ಬೂದಿಯ ಗೆರೆ ಹಿಡಿದು ಬೇರೆ ಕಡೆ ಹರಿದುಬಿಡುತ್ತದೆ. ಮೂರು ಊರಿನ ಮೂರು ಕೈಗಳು ಕಾರನ್ನೆಲ್ಲ ಬಿಚ್ಚಿದ್ದವು. ಆ ಗೆರೆಗಳನ್ನು ಒರೆಸಲು ಮಾತ್ರ ಯಾರಿಗೂ ಮನಸ್ಸು ಬಂದಿರಲಿಲ್ಲ, ನನಗೂ.

ಎಂಜಿನ್ನು ನಿಲ್ಲಿಸಿ ಇದನ್ನು ಅವಳಿಗೆ ಹೇಳಿದೆ. ಜಿಂಕ್ ಶೀಟಿನ ಮೇಲೆ ಮಳೆಯ ಸದ್ದು. ಅವಳು ಮಡ್‌ಗಾರ್ಡಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು.

"ಹಂಗಾದ್ರೆ ಸರಿಹೋಗ್ಲಿ ಅಂತ ಹಚ್ಚಿದಷ್ಟೂ ಕೆಡ್ತಾ ಇತ್ತು."

"ಹೂಂ."

"ಶಿವನಿಗೆ ಬೇಡವಾಗಿತ್ತೇನೋ."

"ಶಿವನಿಗಲ್ಲ ಕಣೇ, ಕರೆಂಟಿಗೆ."

ಕ್ಯಾಪಿನ ಕಡೆ ಬೆರಳು ತೋರಿಸಿ ಹೇಳಿದಳು: "ತಲೆ ಅಂತ ಹೇಳ್ದೋರು ನೀವು. ಕಾಲು ಅಂದಿದ್ರೆ ನಾನ್ಯಾಕೆ ಅಲ್ಲಿಗೆ ಹಚ್ತಿದ್ದೆ?"

ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ನಾನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ತೆಗೆದುಕೊಂಡೆ. ಅವಳು ಅದನ್ನು ನನ್ನ ಕೈಯಿಂದ ಇಸಿದುಕೊಂಡಳು. ಹಚ್ಚಿದವಳೇ ತೆಗೆಯಬೇಕು ಎಂದು, ಒಂದು ಸಲ ಕೈಮುಗಿದು, ಕೊಂಬುಗಳ ಸಂದುಗೊಂದುಗಳಲ್ಲೆಲ್ಲ ಒರೆಸಿದಳು. ಆ ಬಟ್ಟೆಯನ್ನು ಎಸೆಯಲೂ ಬಿಡಲಿಲ್ಲ. ತುಳಿಯುವ ಜಾಗಕ್ಕೆ ಬೀಳಬಾರದೆಂದು ಬೂದಿಯನ್ನೆಲ್ಲ ನೀರಲ್ಲಿ ತೊಳೆದು, ಮಂಡಿಯ ಹಿಂದಿನ ತೆಂಗಿನ ಬುಡಕ್ಕೆ ಸುರಿದು ಬಂದಳು. ಪೆಟ್ರೋಲ್ ವಾಸನೆಗೆ ತೆಂಗು ಸಾಯುತ್ತದೆ ಎಂದೆ. ಸಾಯಲಿಲ್ಲ.

ಒರೆಸಿದ ಮೇಲೂ ಕ್ಯಾಪಿನ ಮೇಲೆ ಕೂದಲೆಳೆಯಷ್ಟು ಒಂದು ಕರಕಲು ಗೆರೆ ಉಳಿದಿತ್ತು. ಕಿಡಿ ಹರಿದು ಹರಿದು ಸುಟ್ಟ ದಾರಿ. ಸಾಬರು ಅದನ್ನು ನೋಡಿ, ಕಥೆ ಕೇಳಿ, ನಕ್ಕು ಕಣ್ಣೊರೆಸಿಕೊಂಡರು. "ನಾನು ಅಳಿಸ್ಬಾರ್ದು ಅಂತ ಕೈ ಹಿಂದಕ್ ತಗಂಡೆ. ನಿಮ್ ದೇವ್ರು ಅಳಿಸೋ ಅಂತ ಅಷ್ಟು ಕೂಗ್ತಾ ಇದ್ದ," ಎಂದರು. ಸುಟ್ಟ ಗೆರೆ ಇರುವ ಕ್ಯಾಪನ್ನು ನಂಬಬಾರದು ಎಂದು ಬೇರೆಯದು ಹಾಕಿಕೊಟ್ಟರು.

ಪರೀಕ್ಷೆಗೆ ಯಜಮಾನರು ಕೆಮ್ಮಣ್ಣುಗುಂಡಿಯ ದಾರಿಯನ್ನೇ ಆರಿಸಿದರು. ತಾವು, ಮನೆಯವರು, ಡಿಕ್ಕಿಯ ತುಂಬ ಕೊಬ್ಬರಿ ಚೀಲ. "ನಿನ್ ಹೆಂಡ್ತಿನೂ ಕೂರ್ಲಿ, ಭಾರ ಇರ್ಬೇಕು," ಎಂದರು. ಅವಳು ಹಿಂದಿನ ಸೀಟಿನಲ್ಲಿ ಯಜಮಾನರ ಹೆಂಡತಿಯ ಪಕ್ಕ, ಬಾಗಿಲಿಗೆ ಅಂಟಿಕೊಂಡು ಕೂತಳು. ಲಿಂಗದಹಳ್ಳಿ ದಾಟಿತು. ಏರು ಬಂತು. ನಾನು ಕಿವಿಯಲ್ಲೇ ಕಾರು ಓಡಿಸುತ್ತಿದ್ದೆ. ಬೀಗರು ಇಳಿದು ನಡೆದ ತಿರುವಿನಲ್ಲಿ ಎಂಜಿನ್ನು ಒಮ್ಮೆಯೂ ತಪ್ಪದೆ, ಒಂದೇ ಉಸಿರಲ್ಲಿ ಎಳೆದುಕೊಂಡು ಹೋಯಿತು. ಕನ್ನಡಿಯಲ್ಲಿ ಅವಳನ್ನು ನೋಡಿದೆ. ಅವಳು ಕಾಡಿನ ಕಡೆ ನೋಡುತ್ತಿರಲಿಲ್ಲ, ಬಾನೆಟ್ಟಿನ ಕಡೆ ನೋಡುತ್ತಿದ್ದಳು.

"ಏನಾಗಿತ್ತಯ್ಯ ಇದಕ್ಕೆ?" ಎಂದರು ಯಜಮಾನರು.

"ಕ್ಯಾಪು ಕೆಟ್ಟಿತ್ತು ಯಜಮಾನ್ರೇ." ಅಷ್ಟಕ್ಕೇ ಮುಗಿಸೋಣ ಎಂದುಕೊಂಡಿದ್ದೆ.

ಹಿಂದಿನಿಂದ ಅವಳ ದನಿ ಬಂತು. "ನಾನು ವಿಭೂತಿ ಹಚ್ಚಿದ್ದೆ. ಅದ್ರಿಂದ ಕೆಟ್ಟಿತ್ತು."

ಮುಂದಿನ ತಿರುವು ಬಂತು. ನಾನು ಗೇರು ಬದಲಿಸಿದೆ. ಆಮೇಲೆ ಯಜಮಾನರು ತಿರುಗದೆಯೇ, "ಇನ್ಮೇಲೆ ನಂಗೆ ಹಚ್ಚವ್ವ, ಕಾರಿಗ್ ಬ್ಯಾಡ. ವಯಸ್ಸಾಯ್ತು, ಎಳೀದಿರೋನು ನಾನು," ಎಂದರು. ಅವರ ಹೆಂಡತಿ, "ಇವ್ರಿಗೆ ಕ್ಯಾಪೇ ಹೋಗೈತೆ ಬಿಡು," ಎಂದರು. ಅರಸೀಕೆರೆಯವರ ಮಾತು ಮತ್ತೆ ಬರಲಿಲ್ಲ.

ಹಳೆಯ ಕ್ಯಾಪನ್ನು ನಾನು ಗುಜರಿಗೆ ಹಾಕಬೇಕೆಂದಿದ್ದೆ. ಅವಳು ಅದನ್ನು ಬೋರಲು ಹಾಕಿ ನೋಡಿದಳು. ಐದು ಕೊಂಬುಗಳೂ ಕೆಳಗಾದರೆ ಅವೇ ಕಾಲುಗಳು, ಒಳಗಿನ ಗುಳಿಯೇ ಬಟ್ಟಲು. ದೇವರ ಗೂಡಿನಲ್ಲಿಟ್ಟು ವಿಭೂತಿ ತುಂಬಿದಳು. "ಇಲ್ಲಾದ್ರೆ ಕರೆಂಟಿಲ್ಲ," ಎಂದಳು. ಆ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದೆವು, ನಮ್ಮ ಮಗಳು ಹುಟ್ಟಿದ್ದೂ ಅಲ್ಲಿದ್ದಾಗಲೇ. ಆಮೇಲೆ ಎಷ್ಟು ಮನೆ ಬದಲಿಸಿದರೂ ಮೊದಲು ಹೋಗುತ್ತಿದ್ದದ್ದು ಹಾಲಿನ ಪಾತ್ರೆ, ಅದರ ಜೊತೆ ಈ ಕ್ಯಾಪು.

ಅವಳು ಹೋಗುವುದಕ್ಕೆ ಒಂದೆರಡು ವರ್ಷ ಮುಂಚೆ ಮಗಳ ಮನೆಯ ಕಾರು ತರೀಕೆರೆಯ ಹತ್ತಿರ ಹೀಗೇ ಎಳೆಯದೆ ನಿಂತಿತ್ತು. ನಾವಿಬ್ಬರೂ ಅದರಲ್ಲಿದ್ದೆವು. ವರ್ಕ್‌ಶಾಪಿನವರು ಒಂದು ವೈರು ಸಿಕ್ಕಿಸಿ ಪರದೆ ನೋಡಿದರು. ಕಂಪ್ಯೂಟರಿಗೆ ಹೋಗುವ ಒಂದು ಪಿನ್ನಿಗೆ ನೀರು ತಾಗಿ ಎಂಜಿನ್ನು ತಾನಾಗಿಯೇ ಶಕ್ತಿ ತಗ್ಗಿಸಿಕೊಂಡಿದೆ ಎಂದರು. ಪಿನ್ನನ್ನು ಒರೆಸಿ ಒಣಗಿಸಿದರು, ಸರಿಹೋಯಿತು. ನನ್ನವಳು, "ಇದ್ರ ತಲೆ ಎಲ್ಲೈತಪ್ಪ?" ಎಂದು ಕೇಳಿದಳು. ಅವರು ಬೆಳ್ಳಿ ಬಣ್ಣದ ಒಂದು ಡಬ್ಬಿ ತೋರಿಸಿದರು. ಇವಳು ಎರಡು ಹೆಜ್ಜೆ ಹಿಂದೆ ಸರಿದು, ದೂರದಿಂದಲೇ ಕೈಮುಗಿದಳು. ಅವರಿಗೆ ಯಾಕೆಂದು ಗೊತ್ತಾಗಲಿಲ್ಲ.

ಕಾಯಿಲೆ ಶುರುವಾದಾಗ ಡಾಕ್ಟರಿಗೂ ಹಾಗೆಯೇ ಹೇಳಿದ್ದಳು: "ಕೂತ್ರೆ ಚೆನ್ನಾಗಿದೀನಿ. ಮೆಟ್ಲಲ್ಲಿ ಮಾತ್ರ ಮಿಸ್ ಹೊಡೀತೀನಿ." ಡಾಕ್ಟರು ನನ್ನ ಮುಖ ನೋಡಿದರು. ನಾನು, ಉಸಿರು ಸಾಲುತ್ತಿಲ್ಲವಂತೆ ಎಂದೆ. ಅವರು ಎಲ್ಲ ಪರೀಕ್ಷೆ ಮಾಡಿದರು. ಕಾರಣವೂ ಗೊತ್ತಾಯಿತು. ಒರೆಸಿ ತೆಗೆಯುವಂಥದ್ದಾಗಿರಲಿಲ್ಲ.

ಅವಳನ್ನು ಸಮಾಧಿಯಲ್ಲಿ ಕೂರಿಸಿದ ದಿನ ಅಯ್ಯನವರು ವಿಭೂತಿ ಕೇಳಿದರು. ಅಂಗಡಿಯಿಂದ ತಂದ ಗಟ್ಟಿಗಳು ಬುಟ್ಟಿಯ ತುಂಬ ಇದ್ದವು. ನಾನು ಒಳಗೆ ಹೋಗಿ ಕ್ಯಾಪನ್ನು ತಂದೆ. ಈಗ ಒಣದೇ ಸಾಕು ಎಂದು ಯಾರೋ ಅಂದರು. ನಾನು ಎರಡು ಹನಿ ನೀರು ಬಿಟ್ಟುಕೊಂಡೆ.

ಈಗ ಬೆಳಿಗ್ಗೆ ಸ್ನಾನ ಮಾಡಿ ಬಂದು ಅದರಲ್ಲೇ ಬೆರಳು ಅದ್ದುತ್ತೇನೆ. ಒಳಗಿನ ನಾಲ್ಕು ಹಿತ್ತಾಳೆ ಗುಬಟುಗಳು ಬೆರಳಿಗೆ ತಾಗುತ್ತವೆ. ಅಡಿಯಲ್ಲಿ ಆ ಕರಕಲು ಗೆರೆ ಇನ್ನೂ ಇದೆ. ಆ ನೀಲಿ ಎಳೆಯನ್ನು ನಾನು ನೋಡಲೇ ಇಲ್ಲ. ನಾನು ಬ್ರೇಕ್ ಒತ್ತಿ ಕೂತಿದ್ದೆ, ಅವಳು ಕಂಡದ್ದನ್ನು ಹೇಳುತ್ತಿದ್ದಳು, ನಾನು ನಂಬಿದೆ.